ಸಡಿಲ ಬಿಟ್ಟ ಇಟ್ಟಿಗೆ

ಎಂಬತ್ತರ ದಶಕದ ಆರಂಭದಲ್ಲಿ, ಬಿ.ಎಸ್ಸಿ. ಮುಗಿಸಿದ ಮರುವರ್ಷ, ಸಾಗರದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿಸುವುದು, ಸೌದೆ ಉಳಿದರೆ ಕಾಡು ಉಳಿಯುತ್ತದೆ ಎಂದು ಹೆಂಗಸರಿಗೆ ತಿಳಿಸಿ ಹೇಳುವುದು. ನನ್ನ ಜೊತೆಗೇ ಸೇರಿದವಳು ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ. ಎಸ್ಸೆಸ್ಸೆಲ್ಸಿ ಫೇಲು. ಒಂದು ವರ್ಷದ ಮೇಲೆ ನಮ್ಮಿಬ್ಬರಲ್ಲಿ ಒಬ್ಬಳನ್ನು ಮಾತ್ರ ಕಾಯಂ ಮಾಡುತ್ತೇವೆ ಎಂದು ಕಾರ್ಯದರ್ಶಿಗಳು ಮೊದಲೇ ಹೇಳಿದ್ದರು. ಆ ಒಬ್ಬಳು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ತರಬೇತಿಯ ಮೊದಲ ತಿಂಗಳು ಒಟ್ಟಿಗೇ ತಿರುಗಿದೆವು. ನಾನು ಜಗಲಿಯಲ್ಲಿ ಚಾರ್ಟು ಬಿಡಿಸಿ, ಮಣ್ಣಿನ ಸವಕಳಿಯಿಂದ ಭಾಷಣ ಶುರುಮಾಡುತ್ತಿದ್ದೆ. ಅವಳು ಸೀದಾ ಹಿತ್ತಲಿಗೆ ಹೋಗಿ, ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ತುಳಿಯಲು ನಿಲ್ಲುತ್ತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಎದುರು ಯಾರೂ ಇರುತ್ತಿರಲಿಲ್ಲ. ಎಲ್ಲರೂ ಅವಳ ಸುತ್ತ. ಹೊರಡುವಾಗ ನನಗೆ "ಹೋಗಿ ಬನ್ನಿ ಮೇಡಂ", ಅವಳಿಗೆ ಬಾಳೆಲೆಯಲ್ಲಿ ಕಟ್ಟಿದ ಕಡುಬು. ಬಸ್ಸಿನಲ್ಲಿ ಅದನ್ನು ಬಿಚ್ಚಿ ಮೊದಲು ನನಗೇ ಕೊಡುತ್ತಿದ್ದಳು. ತಿನ್ನುತ್ತಿದ್ದೆ, ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಆಮೇಲೆ ನನಗೆ ಹೊಸನಗರದ ಹಳ್ಳಿಗಳು, ಅವಳಿಗೆ ಕವಲೇದುರ್ಗದ ಕೆಳಗಿನವು. ಮಳೆಗಾಲ ಕಳೆದ ಮೇಲೆ ಒಬ್ಬರ ಒಲೆಗಳನ್ನು ಇನ್ನೊಬ್ಬರು ನೋಡಿ ವರದಿ ಬರೆಯಬೇಕಿತ್ತು. ನನ್ನ ಒಲೆಗಳ ಗತಿ ನನಗೆ ಗೊತ್ತಿತ್ತು. ಅರ್ಧಕ್ಕರ್ಧ ಮನೆಗಳಲ್ಲಿ ಹೊಗೆ ಕೊಳವೆ ಕಿತ್ತು ಹಾಕಿದ್ದರು. ಒಂದು ಮನೆಯಲ್ಲಂತೂ ಅದು ಕೊಟ್ಟಿಗೆಯ ಮಾಡಿನ ನೀರು ಹರಿಸುತ್ತಿತ್ತು. ಎಷ್ಟು ಹೇಳಿದರೂ ತಲೆಗೆ ಹೋಗದ ಜನ ಎಂದು ಬೈದುಕೊಂಡಿದ್ದೆ. ಅವಳ ಹಳ್ಳಿಗಳಲ್ಲಿ ಒಂದೂ ಕಿತ್ತಿರಲಿಲ್ಲ. ಏನೋ ಮೋಸವಿದೆ ಎಂದು ಒಂದೊಂದೇ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತಡಕಿದೆ. ನಾಲ್ಕನೆಯ ಮನೆಯಲ್ಲಿ ಸಿಕ್ಕಿತು. ಕೊಳವೆಯ ಬುಡದ ಒಂದು ಇಟ್ಟಿಗೆಗೆ ಮಣ್ಣು ಮೆತ್ತಿರಲಿಲ್ಲ; ಎಳೆದರೆ ಕೈಗೇ ಬಂತು.

"ಅದನ್ನ ಈಗ ಎಂತಕ್ಕೆ ಎಳೀತೀರಿ?" ಎಂದರು ಮನೆಯೊಡತಿ. "ಅಡಿಗೆ ಮುಗಿದ್ಮೇಲೆ ಒಂದು ಗಳಿಗೆ ತೆಗೆದಿಡೋದು. ಅಟ್ಟಕ್ಕೆ ಹೊಗೆ ಬೇಡ್ವಾ ಮಾರಾಯ್ರೆ? ಹೊಗೆ ತಾಗ್ದಿದ್ರೆ ಬೀಜಕ್ಕೆಲ್ಲ ಹುಳ ಹಿಡೀತದೆ. ಆ ಹುಡುಗಿ ಮೊದ್ಲೇ ಕೇಳ್ಕೊಂಡು ಹಾಗೆ ಕಟ್ಟಿದ್ದು."

ತಲೆಯೆತ್ತಿ ನೋಡಿದೆ. ಬಿತ್ತನೆಗೆಂದು ತೂಗುಬಿಟ್ಟ ಹೀರೆಕಾಯಿ, ಸೌತೆಬೀಜದ ಗಂಟು, ಮಡಿಸಿಟ್ಟ ಕಂಬಳಿ. ನಮ್ಮಮ್ಮನ ಅಡಿಗೆಮನೆಯಲ್ಲೂ ಇವೆಲ್ಲ ಇದ್ದವು. ನನ್ನ ಚಾರ್ಟಿನಲ್ಲಿ ಅಟ್ಟವೇ ಇರಲಿಲ್ಲ.

ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಕ್ಕಿಬಿದ್ದಳು ಎಂದು ಖುಷಿಯಾಯಿತು. ಕೊಟ್ಟ ನಕ್ಷೆಯನ್ನು ಮೀರಿ, ಹೊಗೆಯಿಲ್ಲದ ಒಲೆಯಲ್ಲಿ ಹೊಗೆ ಬಿಡಿಸುತ್ತಿದ್ದಾಳೆ ಎಂದು ಮೊದಲ ಪುಟ ತುಂಬ ದೂರಿದೆ. ಮುಂದಿನ ಮೂರು ಪುಟಗಳಲ್ಲಿ ಇಟ್ಟಿಗೆಯ ಜಾಗ, ಅಳತೆ, ಎಳೆಯುವ ಹೊತ್ತು, ಹೆಂಗಸರು ಹೇಳಿದ ಮಾತು, ಯಾವುದನ್ನೂ ಬಿಡಲಿಲ್ಲ. ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ಮಾಡುವಂತೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಭಾಗಗಳನ್ನೂ ಗುರುತಿಸಿದೆ. ತಪ್ಪಿಸಿಕೊಳ್ಳಲು ಅವಳಿಗೆ ದಾರಿ ಉಳಿಯಬಾರದಿತ್ತು.

ಕಾರ್ಯದರ್ಶಿಗಳು ಓದಿದರು. ಮುಂದಿನ ವಾರ ತಾವೇ ಹೋಗಿ ಒಲೆಗಳನ್ನು ನೋಡಿ ಬಂದು ನನ್ನನ್ನು ಕರೆದರು.

"ಆ ಹುಡುಗಿ ಒಂದು ಸಾಲು ಬರೆದವಳಲ್ಲ. ಅವಳ ಕೆಲಸ ಎಂಥದ್ದು ಅಂತ ಕಮಿಟಿಗೆ ತೋರಿಸೋಕೆ ನನ್ನ ಹತ್ರ ಇರೋದು ನಿಮ್ಮ ಕಾಗದ ಒಂದೇ. ಮೊದಲನೇ ಪುಟ ತೆಗೆದುಬಿಟ್ಟಿದ್ದೀನಿ," ಎಂದರು.

ಅವಳ ಕೆಲಸ ಕಾಯಂ ಆಯಿತು.

ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಅವಳು ರೂಮಿಗೆ ಬಂದಳು. ಬಾಗಿಲಲ್ಲೇ ನಿಂತು, "ನಂಗೆ ಬರಿಯಕ್ಕೆ ಬರಲ್ಲ ಅಂತ ನೀವೇ ಕೂತು ಅಷ್ಟೆಲ್ಲ ಬರ್ದ್ರಂತೆ. ಹಿಂಗೆ ಯಾರು ಮಾಡ್ತಾರೆ ಅಕ್ಕ?" ಎಂದಳು. "ನಿಮ್ಮ ಒಲೆಗಳ ವರದಿ ನಾನು ಕೊಡ್ಲೇ ಇಲ್ಲ. ಕೊಳವೆ ಕಿತ್ತಿದ್ದ ಕಡೆ ಸರಿಮಾಡಿ ಕೂರಿಸಿ ಬಂದೆ, ಅಷ್ಟೆ."

ಅವಳ ಕಣ್ಣಲ್ಲಿ ನೀರಿತ್ತು. ಹಾಗಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಕೆಲಸ ಕೈತಪ್ಪಿದ್ದಕ್ಕೂ ಆಗದಷ್ಟು ಹೊಟ್ಟೆಕಿಚ್ಚು, ನನ್ನ ಬಗ್ಗೆ ಅಷ್ಟು ಒಳ್ಳೆಯದನ್ನು ಅವಳು ನಂಬಿಬಿಟ್ಟಳಲ್ಲ ಎಂದು ಆಯಿತು.