ಬಿರುಕಣ್ಣನ ಒಂಬತ್ತು ಗಾಜು

ಬೆಳಕು ಹರಿಯುವ ಮೊದಲೇ ಬಿರುಕಣ್ಣ ಗುಡ್ಡ ಏರುತ್ತಾರೆ. ರಸ್ತೆ ಇಲಾಖೆಯ ಕಡತದಲ್ಲಿ ಅವರಿಗೆ ಬೇರೆ ಹೆಸರಿದೆ. ಬಂಡೆಯ ಬಿರುಕುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರಿಗೆ ಜನ ಇಟ್ಟ ಹೆಸರು ಇದು. ಒಂಬತ್ತು ಬಿರುಕುಗಳಿವೆ. ಪ್ರತಿಯೊಂದರ ಎರಡೂ ಅಂಚಿಗೆ ತಾಗುವಂತೆ ಸಿಮೆಂಟಿನಲ್ಲಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದಾರೆ. ಬಂಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಇಂದು ಆರನೆಯದು ಒಡೆದಿದೆ.

ಈ ಗುಡ್ಡದ ಮೈಕಟ್ಟೇ ವಿಚಿತ್ರ. ಒಂದು ಬದಿ ಕಡಿದಾದ ಗೋಡೆ, ಇನ್ನೊಂದು ಬದಿ ರಸ್ತೆಯತ್ತ ಇಳಿಜಾರು. "ಒಳಗೆಲ್ಲ ಪದರ ಪದರ. ಒಂದು ಗಟ್ಟಿಕಲ್ಲು, ಅದರ ಕೆಳಗೆ ಜೇಡಿಮಣ್ಣಿನಂಥ ಮೆತ್ತನೆ ಕಲ್ಲು, ಮತ್ತೆ ಗಟ್ಟಿ. ಎಲ್ಲಾ ರಸ್ತೆ ಕಡೆಗೇ ವಾಲಿವೆ," ಎಂದು ಅಂಗೈ ಓರೆ ಮಾಡಿ ತೋರಿಸುತ್ತಾರೆ. "ನೀರು ಮೆತ್ತಂದನ್ನ ತಿಂದುಹಾಕತ್ತೆ. ಆಮೇಲೆ ಮೇಲಿನ ಪದರ ಯಾರ ಮಾತೂ ಕೇಳಲ್ಲ."

ಕೆಳಗಿಳಿದು ರಸ್ತೆಗೆ ಅಡ್ಡಗಂಬ ಹಾಕುತ್ತಾರೆ. ಏಳು ಗಂಟೆಗೆಲ್ಲ ನಲವತ್ತು ಗಾಡಿಗಳ ಸಾಲು. ಸುತ್ತುದಾರಿ ಅರವತ್ತು ಕಿಲೋಮೀಟರ್. ಹಾಲಿನ ವ್ಯಾನಿನವನು ಅಂಗಲಾಚುತ್ತಾನೆ: "ಗಾಜನ್ನ ಆಡು ತುಳಿದಿರ್ಬೇಕು ಕಣಣ್ಣಾ, ಬಿಡು. ಹಾಲು ಕೆಟ್ಟುಹೋಗತ್ತೆ." ಬಿರುಕಣ್ಣ ಜಪ್ಪಯ್ಯ ಎಂದರೂ ಕದಲುವುದಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಇದೇ ಮಾತನ್ನು ಅವರೇ ತಮಗೆ ಹೇಳಿಕೊಂಡಿದ್ದರು. ಒಡೆದ ಗಾಜು ಆಡಿನ ಕೆಲಸವೆಂದುಕೊಂಡು, ಹೊಸ ಪಟ್ಟಿ ಅಂಟಿಸಿ ಬಂದರು. ಸಂಜೆ ಪದರ ಜಾರಿತು. ಕೆಳಗೆ ಚರಂಡಿಯ ಮಣ್ಣು ತೆಗೆಯುತ್ತಿದ್ದವನು ಅವರ ಒಡಹುಟ್ಟಿದ ತಮ್ಮ. "ಗಾಜು ಬದಲಾಯಿಸಿದೆ ನೋಡಿ, ಅಷ್ಟೇ ನಾನು ಮಾಡಿದ್ದು. ಅವನಿಗೊಂದು ಮಾತು ಹೇಳಿದ್ರೆ ಆಗ್ತಿತ್ತು," ಎನ್ನುತ್ತಾರೆ. ತಮ್ಮನ ಹೆಂಡತಿ ಇಂದಿಗೂ ಅವರನ್ನು ಒಂದು ಮಾತು ಅಂದಿಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ ಎಂಬ ಕೊರಗು ಅವರದು.

ಹತ್ತಕ್ಕೆ ಇಂಜಿನಿಯರ್ ಬರುತ್ತಾರೆ, ಅಳೆಯುತ್ತಾರೆ. ಬಂಡೆ ಜರುಗಿಲ್ಲ. ಗಾಜಿನ ಪಕ್ಕದಲ್ಲಿ ಆಡಿನ ಹಿಕ್ಕೆ ಬಿದ್ದಿದೆ. "ಆಡೇ, ಯಜಮಾನ್ರೇ," ಎಂದು ನಗುತ್ತಾರೆ. ಈ ವರ್ಷ ಹೀಗೆ ದಾರಿ ಮುಚ್ಚಿದ್ದು ಏಳನೇ ಸಲ. ಒಮ್ಮೆಯೂ ಕಲ್ಲು ಬಿದ್ದಿಲ್ಲ. ಅಡ್ಡಗಂಬ ಎತ್ತಿದ್ದೇ ತಡ, ಗಾಡಿಗಳವರು ಹಿಡಿಶಾಪ ಹಾಕುತ್ತಾ ಸಾಗುತ್ತಾರೆ. ವ್ಯಾನಿನವನಂತೂ ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಾನೆ.

ಬೇಸರವಾಗುವುದಿಲ್ಲವೇ ಎಂದರೆ, ಸಿಮೆಂಟು ಕಲೆಸುತ್ತಲೇ ಉತ್ತರಿಸುತ್ತಾರೆ.

"ಸಂಜೆ ಎಲ್ರೂ ನನ್ನ ಬೈಕೊಂಡೇ ಮನೆ ಸೇರ್ತಾರೆ. ಸೇರ್ತಾರಲ್ಲ, ಅಷ್ಟು ಸಾಕು."