ವಿಲನ್ ಗಂಟಿನ ಊರುಗೋಲು

ಮಾವನ ಪ್ಯಾಂಟು ಬಲಮೊಣಕಾಲಿನ ಮೇಲ್ಗಡೆ ಒಂದು ಅಂಗೈಯಗಲ ಸವೆದು ಹೊಳೆಯುತ್ತಿತ್ತು. ಪೋಲಿಯೋದಿಂದ ಸೊರಗಿದ ಕಾಲನ್ನು ಅಲ್ಲಿ ಕೈಯೂರಿ ಒತ್ತಿಕೊಂಡೇ ಅವರು ಹೆಜ್ಜೆ ಇಡುತ್ತಿದ್ದುದು. ಬಲಗಾಲೇ ಎಂದು ನನ್ನ ನೆನಪು. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ಕೈ ಎಡಗಾಲಿನ ಮೇಲಿದೆ. ಇಷ್ಟನ್ನೇ ತಪ್ಪಾಗಿ ನೆನಪಿಟ್ಟುಕೊಂಡಿರುವ ನಾನು ಮಿಕ್ಕಿದ್ದನ್ನು ಎಷ್ಟು ಸರಿಯಾಗಿ ಬರೆದೇನೋ ಗೊತ್ತಿಲ್ಲ.

ಅವರು ನನ್ನ ಸೋದರತ್ತೆಯ ಗಂಡ. ಅರಸೀಕೆರೆಯಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಪಾತ್ರಕ್ಕೊಂದು ಗಂಟು, ಗಂಟಿಗೊಂದು ಚೀಟಿ. ರಜೆಯಲ್ಲಿ ಹೋದರೆ ಚೀಟಿ ಬರೆಯುವ ಕೆಲಸ ನನ್ನದು. "ಅಕ್ಷರ ದಪ್ಪಗಿರ್ಲಿ ಕಣಮ್ಮ, ಬಣ್ಣ ಹಚ್ಕೊಂಡೋರಿಗೆ ಕಣ್ಣು ಕಾಣಲ್ಲ" ಅನ್ನುತ್ತಿದ್ದರು. ವಿಲನ್ ಗಂಟಿನಲ್ಲಿ ಕರೀ ಕೋಟು, ಒಂದು ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ, ಊರುಗೋಲು. ಅಂಗಡಿ ಇಟ್ಟಾಗಿನಿಂದ ಅದನ್ನು ಕಟ್ಟಿಕೊಡುತ್ತಿದ್ದವರು ಮಾವನೇ.

ನಾನು ಚೀಟಿ ಬರೆಯುತ್ತ ಕೂತಿದ್ದ ಒಂದು ಮಧ್ಯಾಹ್ನ ಹಾರನಹಳ್ಳಿಯ ನಾಟಕ ತಂಡದವರು ಬಂದರು. ವಿಲನ್ ಮಾಡುವವನು ಊರುಗೋಲು ಹಿಡಿದು, ಇನ್ನೊಂದು ಕೈಯನ್ನು ಮೊಣಕಾಲಿಗೊತ್ತಿ, ಅಂಗಡಿಯ ಉದ್ದಕ್ಕೂ ಕುಂಟಿ ತೋರಿಸಿದ. ಥೇಟು ಮಾವನ ನಡಿಗೆ.

"ಹೆಂಗೈತೆ ಯಜಮಾನ್ರೆ? ನಿಮ್ಮನ್ನೇ ನೋಡಿ ಕಲ್ತಿದ್ದು!"

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆಮೇಲೆ ಕೇಳಿದರು: "ಕುಂಟೋದೇನೋ ಚೆನ್ನಾಗೈತೆ. ಈ ಕೆಟ್ಟೋನು ಯಾಕಯ್ಯಾ ಕುಂಟ್ಬೇಕು?"

"ಕೆಟ್ಟೋನು ಅಂತ ಜನಕ್ಕೆ ಗೊತ್ತಾಗ್ಬೇಡ್ವಾ?"

"ಕಾಲು ನೋಡಿ ಗೊತ್ತಾಗೋದಾದ್ರೆ ನೀನ್ಯಾಕಯ್ಯಾ ಬೇಕು? ಕೋಲೊಂದನ್ನೇ ಸ್ಟೇಜ್ ಮೇಲೆ ನಿಲ್ಸಿದ್ರೆ ಸಾಕಲ್ಲ!"

ಈ ಸಲ ನಗು ಅವನ ಮೇಲೆ. ಮಾವ ಅವನ ಕೈಯಿಂದ ಕೋಲನ್ನೂ ಗಂಟಿನಿಂದ ಪಟ್ಟಿಯನ್ನೂ ತೆಗೆದಿಟ್ಟು, ಒಳಗಿಂದ ರೇಷ್ಮೆ ಶಲ್ಯ ತಂದು ಸೇರಿಸಿದರು. "ನೆಟ್ಟಗೆ ನಡಿ. ನಗ್ನಗ್ತಾ ಮಾತಾಡು. ಒಪ್ಪಿಗೆ ಇಲ್ದಿದ್ರೆ ತಿಪಟೂರಲ್ಲಿ ಬೇರೆ ಅಂಗಡಿ ಐತೆ." ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ, ಗಿರಾಕಿಗಳು ಎದ್ದು ಹೋದಾರೆಂಬ ಹೆದರಿಕೆಯಲ್ಲಿ ಸೂಜಿ ನಿಲ್ಲಿಸಿದರು. ತಂಡದವರು ಗೊಣಗಿಕೊಂಡೇ ಒಪ್ಪಿದರು.

ನಾಟಕಕ್ಕೆ ನಾವೂ ಹೋದೆವು. ಶಲ್ಯ ಹೊದ್ದ ಆ ಸುಂದರ ಮನುಷ್ಯ ನಾಯಕಿಯ ತಲೆ ಸವರಿ "ನಾನಿಲ್ವೇನಮ್ಮ" ಎಂದದ್ದೇ ತಡ, ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದು ನಿಂತು ಕೂಗಿದಳು: "ಅಯ್ಯೋ, ಅವ್ನ ನಂಬ್ಬೇಡ ಕಣವ್ವ!" ಮಾವ ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿದರು.

ಆ ಊರುಗೋಲು ಮತ್ತೆ ಯಾವ ವಿಲನ್ ಗಂಟಿಗೂ ಹೋಗಲಿಲ್ಲ. ಅಟ್ಟದ ಮೇಲಿನ ಬಟ್ಟೆ ಎಳೆದುಕೊಳ್ಳಲು ಮಾವನ ಬಳಕೆಗೆ ಬಂತು.

ಮಾವ ಹೋಗಿ ಎರಡು ವರ್ಷ. ನಾನೀಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ನಾಟಕದ ಕೇಡಿಗನಿಗೆ ಗೂನು ಕಟ್ಟಲು ಹೊರಟಾಗಲೆಲ್ಲ ಈ ಕತೆ ಹೇಳುತ್ತೇನೆ, ಗೂನು ಬಿಚ್ಚಿಸುತ್ತೇನೆ. ಇಂಥವರ ಅಂಗಡಿಯಲ್ಲಿ ಚೀಟಿ ಬರೆದವಳು ನಾನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಆದರೆ ಅಂಗಡಿಯಲ್ಲಿ ಎದ್ದ ಆ ಮೊದಲ ನಗುವನ್ನು ನೆನೆದರೆ ಅದರೊಳಗೆ ಒಂದು ಹುಡುಗಿಯ ದನಿಯೂ ಕೇಳುತ್ತದೆ. ಅಲ್ಲಿದ್ದ ಹುಡುಗಿ ನಾನೊಬ್ಬಳೇ.

ಹೋದ ತಿಂಗಳು ಗಂಟುಗಳನ್ನು ಬಿಸಿಲಿಗೆ ಹಾಕುವಾಗ ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ಶಲ್ಯದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮಡಚತೊಡಗಿದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನಾನೂ ನಕ್ಕಿದ್ನಾ?"