ಮಟ್ಟುವಿನ ದೋಣಿಗೆ ಕಳುಹಿಸದ ಗಾಡಿ

ಕೊರೋನಾ ಮುಗಿದು ಊರು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ ಅದು. ಕಟಪಾಡಿ ಪೇಟೆಯಿಂದ ಮಟ್ಟುವಿಗೆ ಹೋಗುವ ರಸ್ತೆಯಲ್ಲಿ ನಮ್ಮ ಗ್ಯಾರೇಜು. ಗಂಡ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಇಂಜಿನ್ ಕೆಲಸ ಮೈದುನನ ಮಗ ಸುಧೀರನ ಪಾಲಿಗೆ ಹೋಯಿತು, ವೆಲ್ಡಿಂಗ್ ನನ್ನ ಹತ್ತಿರವೇ ಉಳಿಯಿತು. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ವೆಲ್ಡಿಂಗ್ ಕಲಿತದ್ದು ಆಸೆಯಿಂದಲ್ಲ. ಗಂಡನ ಕಣ್ಣಿಗೆ ಪೊರೆ ಬಂದಾಗ ಬೇರೆ ಜನ ಸಿಗಲಿಲ್ಲ, ಹಾಗಾಗಿ ಕಲಿತೆ. ಈಗ ಮೊಮ್ಮಕ್ಕಳಿದ್ದಾರೆ, ಮಂಡಿ ನೋವುಂಟು, ಆದರೂ ಚೇಸಿಸ್ ಕೆಲಸ ಬಂದರೆ ಬೇರೆಯವರ ಕೈಗೆ ಕೊಡುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ಕಾಪುವಿನ ಹಸನಬ್ಬ ಒಂದು ಹಳೆಯ ವ್ಯಾಗನ್ ತಂದ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವ, ಹಿಂದೆ ಡಬ್ಬಿಯ ಹಾಗೆ ಉದ್ದ ಬಾಡಿ ಇರುವ ಗಾಡಿ, ನನ್ನ ಮದುವೆಯ ಕಾಲದ್ದು. ಕಾರ್ಕಳದ ಒಂದು ರಬ್ಬರ್ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತಂತೆ. ಹಸನಬ್ಬ ದುಬೈಯಲ್ಲಿ ಕ್ರೇನ್ ಓಡಿಸಿ ಬಂದವನು. ಇನ್ನು ಊರಲ್ಲೇ ಇರುವುದೆಂದು ಮನಸ್ಸು ಮಾಡಿದ್ದ. ಕಾಪುವಿನಿಂದ ಮಲ್ಪೆಯವರೆಗೆ ಕಡಲ ಬದಿಯ ನಾಡದೋಣಿಗಳನ್ನು ಮೇಲೆ ಎಳೆದು, ಟ್ರೈಲರಿಗೆ ಹಾಕಿ, ರಿಪೇರಿಗೆ ಸಾಗಿಸುವ ಕೆಲಸ ಮಾಡಬೇಕು ಎಂದು ಅವನ ಲೆಕ್ಕ.

"ಗುಲಾಬಕ್ಕ, ಇದನ್ನು ಎಳೆಯುವ ಗಾಡಿ ಮಾಡಿ ಕೊಡಬೇಕು."

"ಇದನ್ನೇ ಇನ್ನೊಂದು ಗಾಡಿ ಎಳೆದುಕೊಂಡು ಬಂತಲ್ಲ ಮಾರಾಯ."

ಅವನು ನಕ್ಕ. ಮಣಿಪಾಲದ ಆರ್‌ಟಿಒ ಆಫೀಸಿನ ಕಾಗದದ ಕೆಲಸ ಅವನದ್ದು, ಗಾಡಿಯ ಕೆಲಸ ನಮ್ಮದು ಎಂದು ಮಾತಾಯಿತು.

ಎಳೆಯುವ ಗಾಡಿ ಎಂದರೆ ಜನ ಮೊದಲು ಇಂಜಿನ್ನಿನ ಬಗ್ಗೆ ಕೇಳುತ್ತಾರೆ. ಹಸನಬ್ಬನೂ ಕೇಳಿದ. ಸುಧೀರ ಅವನಿಗೆ ಬ್ರೇಕಿನ ವಿಷಯ ಹೇಳಿದ. ಹಿಂದೆ ಭಾರ ಕಟ್ಟಿಕೊಂಡ ಗಾಡಿ ಇಳಿಜಾರಿನಲ್ಲಿ ನಿಲ್ಲದಿದ್ದರೆ ಹಿಂದಿನ ಭಾರವೇ ಅದನ್ನು ನೂಕಿಕೊಂಡು ಹೋಗುತ್ತದೆ. ಹಾಗಾಗಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು. ಪೆಡಲಿಗೆ ಬಲ ಕೊಡುವ ಬೂಸ್ಟರ್ ಕೂಡ ಬಂತು. ರೇಡಿಯೇಟರ್ ದೊಡ್ಡದಾಯಿತು, ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಾಯಿತು. ತುಕ್ಕು ತಿಂದ ಹಿಂದಿನ ಬಾಡಿಯನ್ನು ನಾನು ಅರ್ಧಕ್ಕೆ ಕತ್ತರಿಸಿ ತೆಗೆದೆ.

ಆಗ ಚೇಸಿಸ್ ಕಣ್ಣಿಗೆ ಬಿತ್ತು. ಚೇಸಿಸ್ ಎಂದರೆ ಗಾಡಿಯ ಬೆನ್ನೆಲುಬು. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅವುಗಳನ್ನು ಹಿಡಿದು ನಿಲ್ಲಿಸಲು ಅಡ್ಡಕ್ಕೆ ಕೆಲವು. ತೀರ ಹಿಂದಿನ ಅಡ್ಡ ತೊಲೆಯ ಮೇಲೆಯೇ ಎಳೆಯುವ ಕೊಂಡಿ ಕೂರುವುದು. ಈ ಗಾಡಿ ತೋಟಕ್ಕೆ ಹೋಗುವ ಮೊದಲು ಮಲ್ಪೆಯಲ್ಲಿ ಮೀನು, ಐಸು ಹೊತ್ತಿತ್ತು. ಉಪ್ಪುನೀರು ಹಿಂದಿನ ತುದಿಯಲ್ಲಿ ಸೇರಿ ಅಡ್ಡ ತೊಲೆಯನ್ನು ಹಪ್ಪಳ ಮಾಡಿಬಿಟ್ಟಿತ್ತು. ಅದನ್ನು ಕಿತ್ತು ಹೊಸದು ಮಾಡಿದೆ. ಎಡಗಡೆ ಪೂರ್ತಿ ವೆಲ್ಡ್ ಮಾಡಿದೆ. ಬಲಗಡೆ ಟ್ಯಾಕ್ ಹಾಕಿ ನಿಲ್ಲಿಸಿದೆ. ಟ್ಯಾಕ್ ಎಂದರೆ ಬಟ್ಟೆ ಹೊಲಿಯುವವರು ಮೊದಲು ಉದ್ದುದ್ದ ದಾರ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಅಳತೆ ತಪ್ಪದಿರಲಿ ಎಂದು ಹಾಕುವುದು, ಭಾರ ಹೊರಲಿಕ್ಕೆ ಅಲ್ಲ. ಬಲಗಡೆಯ ಉದ್ದ ತೊಲೆಯನ್ನು ಸುತ್ತಿಗೆಯಲ್ಲಿ ಬಡಿದಾಗ ಸದ್ದು ನನಗೆ ಹಿಡಿಸಿರಲಿಲ್ಲ, ಒಳಗೂ ತುಕ್ಕು ತಿಂದಿರಬಹುದು ಅನಿಸಿತ್ತು. ಒಳಗೆ ನೋಡಿ, ಬೇಕಾದರೆ ಪ್ಲೇಟು ಕೂರಿಸಿ, ಆಮೇಲೆ ಪೂರ್ತಿ ವೆಲ್ಡ್ ಎಂದು ಬಿಟ್ಟಿದ್ದೆ. ಮುಂದಿನ ಕೊಂಡಿಯನ್ನು ಬಂಪರಿನ ಜೊತೆ ಮೊದಲೇ ಕಳಚಿ ಹಾಕಿದ್ದೆವು. ಈಗ ಗಾಡಿಯಲ್ಲಿ ಉಳಿದಿದ್ದ ಕೊಂಡಿ ಹಿಂದಿನದ್ದೊಂದೇ.

ಅಷ್ಟರಲ್ಲಿ ಕಡಲಿನಲ್ಲಿ ಚಂಡಮಾರುತ ಎದ್ದಿತು. ಮಳೆಗಾಲಕ್ಕೆ ಇನ್ನೂ ದಿನ ಇತ್ತು. ರಾತ್ರಿಯೆಲ್ಲ ಗಾಳಿ, ಬೆಳಗ್ಗೆ ಏಳುವಾಗ ಕರೆಂಟು ಇಲ್ಲ. ಕಂಬ ಬಿದ್ದಿದೆ, ಇವತ್ತಿಗೆ ಬರುವುದಿಲ್ಲ ಎಂದು ಲೈನ್‌ಮ್ಯಾನ್ ಹೇಳಿ ಹೋದ. ನಮ್ಮ ವೆಲ್ಡಿಂಗ್ ಮಷಿನ್ ಕರೆಂಟಿನದ್ದು. ಗ್ಯಾರೇಜಿನ ಸಣ್ಣ ಜನರೇಟರಿಗೆ ಅದನ್ನು ಹೊರುವ ತಾಕತ್ತು ಇಲ್ಲ. ನಾನು ಚಹಾ ಕುಡಿಯುತ್ತಾ ಕುಳಿತಿದ್ದೆ.

ಯಶವಂತ ಬಂದ. ಮಟ್ಟುವಿನ ಮೀನುಗಾರ, ನಮ್ಮಲ್ಲಿಗೆ ಮೀನು ಕೊಡುವವನು. ತಲೆಯಿಂದ ಕಾಲಿನವರೆಗೆ ಒದ್ದೆ. ಅವನ ಹಿಂದೆ ಇನ್ನಿಬ್ಬರು, ಜೊತೆಗೆ ಹಸನಬ್ಬ. ದಡದಲ್ಲಿ ಮೇಲೆ ಎಳೆದಿಟ್ಟಿದ್ದ ಯಶವಂತನ ದೋಣಿಯ ಅಡಿಯ ಮರಳನ್ನು ಕಡಲು ತಿಂದಿತ್ತು. ದೋಣಿ ವಾಲಿ, ಹಿಂದಿನ ಭಾಗ ನೀರಿಗೆ ಬಿದ್ದು, ಒಂದೊಂದು ಅಲೆಗೂ ತಡೆಗೋಡೆಯ ಕಲ್ಲಿಗೆ ಬಡಿಯುತ್ತಿತ್ತು. ರಸ್ತೆಯಿಂದ ಹಗ್ಗ ಹಾಕಿ ಎಳೆದರೆ ಉಳಿಯುತ್ತದೆ. ಜೆಸಿಬಿಗೆ ಫೋನ್ ಮಾಡಿದ್ದರು. ಇದ್ದ ಜೆಸಿಬಿಗಳೆಲ್ಲ ಹೈವೇಯಲ್ಲಿ ಬಿದ್ದ ಮರ ತೆಗೆಯುತ್ತಿದ್ದವು. ಆ ದೋಣಿ ಬಿಟ್ಟರೆ ಯಶವಂತನಿಗೆ ಬೇರೆ ದುಡಿಮೆ ಇಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ.

"ಗಾಡಿ ಸ್ಟಾರ್ಟ್ ಆಗ್ತದಾ ಗುಲಾಬಕ್ಕ?" ಯಶವಂತ ಕೇಳಿದ.

"ಸ್ಟಾರ್ಟ್ ಆಗ್ತದೆ. ಎಳೆಯುವುದಿಲ್ಲ."

"ಎಂತಕ್ಕೆ?"

"ಕೊಂಡಿಯ ಒಂದು ಬದಿ ಟ್ಯಾಕಿನಲ್ಲಿ ನಿಂತಿದೆ."

ಹಸನಬ್ಬ ಬಗ್ಗಿ ಅಡಿಯಲ್ಲಿ ನೋಡಿದ. "ನೀವು ಹಾಕಿದ ಟ್ಯಾಕ್ ಬೇರೆಯವರ ವೆಲ್ಡಿಗಿಂತ ಗಟ್ಟಿ ಉಂಟು. ಒಂದು ಸಲಕ್ಕೆ ಎಂತ ಆಗುವುದಿಲ್ಲ."

"ಹೊಗಳಿದರೆ ಕಬ್ಬಿಣ ಗಟ್ಟಿಯಾಗುವುದಿಲ್ಲ."

ಸುಧೀರ ಆಗಲೇ ಕೀ ತೆಗೆದುಕೊಂಡಿದ್ದ. "ದೊಡ್ಡಮ್ಮ, ನಿಧಾನಕ್ಕೆ ಎಳೀತೇನೆ. ಲೋ ಗೇರಿನಲ್ಲಿ. ಜರ್ಕ್ ಕೊಡುವುದಿಲ್ಲ."

"ಜರ್ಕ್ ಕೊಡುವುದು ಅಲೆ. ಅದಕ್ಕೂ ನೀನೇ ಗೇರ್ ಹಾಕ್ತೀಯಾ?"

ಬಿಗಿಯಾದ ಹಗ್ಗದ ತುದಿಯ ಕೊಂಡಿ ಕಿತ್ತು ಬಂದರೆ ನೆಲಕ್ಕೆ ಬೀಳುವುದಿಲ್ಲ. ಹಾರುತ್ತದೆ, ಅದೂ ಹಗ್ಗ ಹೋದ ದಿಕ್ಕಿಗೆ. ಆ ದಿಕ್ಕಿನಲ್ಲಿ ದೋಣಿಯ ಎರಡೂ ಬದಿಗೆ ಹೆಗಲು ಕೊಟ್ಟು ಜನ ನಿಂತಿರುತ್ತಾರೆ. ಮಲ್ಪೆಯಲ್ಲಿ ಹಾಗೆ ಹಾರಿದ ಒಂದು ಕೊಂಡಿ ಒಬ್ಬನ ದವಡೆಯನ್ನು ತೆಗೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದವಳು. ಇದನ್ನು ಅವರಿಗೆ ಹೇಳಿದೆ. ಯಾರ ಕಿವಿಗೂ ಹೋಗಲಿಲ್ಲ. ದೋಣಿ ಒಡೆಯುತ್ತಿರುವಾಗ ಹೋಗುವುದೂ ಇಲ್ಲ.

"ಗಾಡಿ ನನ್ನದು ಗುಲಾಬಕ್ಕ," ಹಸನಬ್ಬ ಹೇಳಿದ. ದನಿ ಏರಿಸಲಿಲ್ಲ.

"ಗಾಡಿ ನಿನ್ನದು. ವೆಲ್ಡ್ ನನ್ನದು."

"ಹಾಗಾದರೆ ನನ್ನ ದೋಣಿ ಯಾರದ್ದು?" ಯಶವಂತ ಕೇಳಿದ.

ಸುಧೀರ ಗಾಡಿ ಹತ್ತಿ ಕುಳಿತ. ಸ್ಟಾರ್ಟ್ ಮಾಡಿದ. ಐದು ಗಂಡಸರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಮಾತಿನಲ್ಲಿ ಇವರನ್ನು ತಡೆಯಲಿಕ್ಕೆ ಆಗುವುದಿಲ್ಲ ಎಂದು ಗೊತ್ತಾಯಿತು. ಗ್ಯಾಸ್ ಕಟರ್ ಹಚ್ಚಿದೆ. ಬೆಸೆಯಲಿಕ್ಕೆ ಕರೆಂಟು ಬೇಕು, ಕತ್ತರಿಸಲಿಕ್ಕೆ ಸಿಲಿಂಡರ್ ಸಾಕು. ಗಾಡಿಯ ಹಿಂದೆ ಕುಳಿತು ಬಲಗಡೆಯ ಟ್ಯಾಕುಗಳನ್ನು ಒಂದೊಂದಾಗಿ ಕತ್ತರಿಸಿದೆ. ಕಿಡಿ ಹಾರುವಾಗ ಯಾರೂ ಹತ್ತಿರ ಬರಲಿಲ್ಲ. ಕೊನೆಯದು ಬಿಟ್ಟಾಗ ಅಡ್ಡ ತೊಲೆಯ ಬಲದ ತುದಿ ಸಡಿಲವಾಗಿ ನೇತಾಡಿತು. ಇನ್ನು ಆ ಕೊಂಡಿಗೆ ಒಂದು ಸೈಕಲ್ ಕಟ್ಟಿಯೂ ಎಳೆಯುವಂತಿರಲಿಲ್ಲ.

ಸುಧೀರ ಇಂಜಿನ್ ಬಂದ್ ಮಾಡಿದ. ಯಶವಂತ ನನ್ನನ್ನು ಒಮ್ಮೆ ನೋಡಿದ, ಆಮೇಲೆ ತಿರುಗಿ ಓಡಿದ. ಉಳಿದವರೂ ಅವನ ಹಿಂದೆ ಹೋದರು. ಸುಧೀರನೂ ಹೋದ.

ದೋಣಿಯನ್ನು ಅವರು ಕೈಯಿಂದಲೇ ಎಳೆದರು. ಊರಿನವರು ಮೂವತ್ತು ನಲವತ್ತು ಜನ ಸೇರಿದ್ದರಂತೆ. ಅರ್ಧ ಮೇಲೆ ಬಂದಿತ್ತು. ಒಂದು ದೊಡ್ಡ ಅಲೆ ಬಂದು ದೋಣಿಯನ್ನು ತಿರುಗಿಸಿತು. ಯಶವಂತನ ಬಲಗೈ ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಜೆಸಿಬಿ ಮಧ್ಯಾಹ್ನ ಬಂತು. ಅಷ್ಟರಲ್ಲಿ ದೋಣಿಯ ಅಡಿ ಉದ್ದಕ್ಕೆ ಸೀಳಿತ್ತು. ಯಶವಂತನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಎರಡು ಬೆರಳು ಹೋಯಿತು.

ನಾನು ಮೂರನೇ ದಿನ ಆಸ್ಪತ್ರೆಗೆ ಹೋದೆ. ಹೋಗಬೇಡಿ ಎಂದು ಮಗಳು ಹೇಳಿದಳು. ಹೋಗದೆ ಮನೆಯಲ್ಲಿ ಕುಳಿತರೆ ಅದು ಇನ್ನೊಂದು ಮಾತಾಗುತ್ತದೆ. ಯಶವಂತ ಗೋಡೆಗೆ ಒರಗಿ ಕುಳಿತಿದ್ದ, ಕೈಗೆ ದೊಡ್ಡ ಬ್ಯಾಂಡೇಜು.

"ಗಾಡಿ ಬಂದಿದ್ದರೆ ದೋಣಿ ಉಳಿಯುತ್ತಿತ್ತು," ಅಂದ.

"ಉಳಿಯುತ್ತಿತ್ತೋ ಏನೋ."

"ನನ್ನ ಬೆರಳೂ."

"ಅದೂ ಇರಬಹುದು. ಅಥವಾ ಯಾರದ್ದಾದರೂ ತಲೆ ಹೋಗುತ್ತಿತ್ತು."

"ಯಾರದ್ದು? ಹೆಸರು ಹೇಳಿ ನೋಡುವ."

ನಾನು ಹೆಸರು ಹೇಳಲಿಕ್ಕೆ ಎಲ್ಲಿಂದ ತರಲಿ? ತಂದಿದ್ದ ಕಿತ್ತಳೆ ಹಣ್ಣುಗಳನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು.

ಕರೆಂಟು ಬಂದ ಮೇಲೆ ಕೆಲಸಕ್ಕೆ ಕೂತೆವು. ಬಲಗಡೆಯ ತೊಲೆಯನ್ನು ಕತ್ತರಿಸಿ ಒಳಗೆ ನೋಡಿದೆವು. ತುಕ್ಕು ಇತ್ತು. ನಾನು ಹೆದರಿದಷ್ಟು ಇರಲಿಲ್ಲ, ಸುಧೀರ ಹೇಳುತ್ತಿದ್ದಷ್ಟು ಕಡಿಮೆಯೂ ಇರಲಿಲ್ಲ. ಅವನು ಆ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಹಿಡಿಯುತ್ತಿತ್ತು ದೊಡ್ಡಮ್ಮ."

"ನಿನ್ನ ಕಣ್ಣಿಗೆ ಹಿಡಿಯುತ್ತದೆ."

"ನಿಮ್ಮ ಕಣ್ಣಿಗೆ?"

"ಗೊತ್ತಿಲ್ಲ."

ಟ್ಯಾಕುಗಳನ್ನು ನಾನೇ ಕತ್ತರಿಸಿದ್ದೆ, ಇನ್ನು ಯಾರೂ ಎಳೆದು ನೋಡುವ ಹಾಗಿರಲಿಲ್ಲ. ಆ ತುಂಡನ್ನು ಗುಜರಿಗೆ ಹಾಕಿದೆ. ಇಟ್ಟುಕೊಂಡಿದ್ದರೆ ಬಂದವರೆಲ್ಲ ಅದನ್ನು ನೋಡಿ ತೀರ್ಪು ಕೊಡುತ್ತಿದ್ದರು.

ಒಳಗೆ ಆರು ಎಂಎಂ ಪ್ಲೇಟು ಕೂರಿಸಿ ಬಲಗಡೆಯನ್ನೂ ಪೂರ್ತಿ ವೆಲ್ಡ್ ಮಾಡಿದೆ. ಮಳೆಯ ನಡುವೆ ಬಿಸಿಲು ಬಂದ ಒಂದು ದಿನ ಪರೀಕ್ಷೆಗೆಂದು ಕಾರ್ಕಳಕ್ಕೆ ಹೋದೆವು. ಅಲ್ಲಿ ಕಲ್ಲಿನ ಕೆಲಸದವರ ಹತ್ತಿರ ಟ್ರೈಲರಿಗೆ ಕಲ್ಲು ಹೇರಿಸಿ, ಏರಿನಲ್ಲಿ ನಿಲ್ಲಿಸಿ ಎಳೆಸಿದೆವು, ಇಳಿಜಾರಿನಲ್ಲಿ ಬ್ರೇಕ್ ಒತ್ತಿಸಿದೆವು. ಹಸನಬ್ಬ ಓಡಿಸಿದ. ನಾನು ಪ್ರತಿ ಸಲವೂ ಅಡಿಗೆ ಹೋಗಿ ವೆಲ್ಡಿನ ಮೇಲೆ ಬೆರಳು ಆಡಿಸಿದೆ. ಒಂದು ಕೂದಲಿನಷ್ಟೂ ಬಿರುಕು ಇರಲಿಲ್ಲ. ಹೋಟೆಲಿನಲ್ಲಿ ಹಸನಬ್ಬ ನನಗೆ ಚಹಾ ತರಿಸಿಕೊಟ್ಟು ತಾನು ಬೇರೆ ಮೇಜಿನಲ್ಲಿ ಕುಳಿತ. ಮಟ್ಟುವಿನವರು ಆ ಮಳೆಗಾಲವಿಡೀ ನಮ್ಮ ಗ್ಯಾರೇಜಿಗೆ ಬರಲಿಲ್ಲ. ನಾನು ಮೀನಿಗೆ ಮಲ್ಪೆಗೆ ಹೋಗತೊಡಗಿದೆ.

ಮಳೆ ಮುಗಿದ ಮೇಲೆ ಆ ಗಾಡಿ ಎಳೆದ ಮೊದಲ ದೋಣಿ ಯಶವಂತನದ್ದೇ. ಸೀಳಿದ ದೋಣಿಯನ್ನು ರಿಪೇರಿಗೆ ಸಾಗಿಸಬೇಕಿತ್ತು. ಹಸನಬ್ಬ ನನ್ನನ್ನೂ ಕರೆದ. ಮಟ್ಟುವಿನ ದಡದಲ್ಲಿ ಊರಿನವರು ನಿಂತಿದ್ದರು. ಯಾರೂ ಮಾತಾಡಿಸಲಿಲ್ಲ. ಯಶವಂತ ಹಗ್ಗ ಹಿಡಿದು ಗಾಡಿಯ ಹಿಂದೆ ಬಂದು ನಿಂತ.

"ಇವತ್ತಾದರೂ ಮುಗಿದಿದೆಯೋ?"

"ಮುಗಿದಿದೆ."

ಅವನು ಮೂರು ಬೆರಳಿನ ಕೈಯಲ್ಲಿ ಗಂಟು ಹಾಕಲು ನೋಡಿದ. ಹಗ್ಗ ಜಾರಿತು. ಇನ್ನೊಮ್ಮೆ ಹಾಕಿದ, ಮತ್ತೆ ಜಾರಿತು. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಮೂರನೇ ಸಲಕ್ಕೆ ಗಂಟು ನಿಂತಿತು. ಆಮೇಲೆ ಅವನೇ ತಿರುಗಿ ದೋಣಿಯ ಬದಿಗೆ ನಿಂತಿದ್ದವರನ್ನೆಲ್ಲ ದೂರ ಹೋಗಿ ಎಂದು ಗದರಿಸಿ ಅಟ್ಟಿದ. ನನಗಾಗಿ ಮಾಡಿದನೋ, ಕೈ ನೋಯುತ್ತಿತ್ತು ಎಂದು ಸಿಟ್ಟಿನಲ್ಲಿ ಮಾಡಿದನೋ, ನಾನು ಕೇಳಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆಗದೆ ಹೋದ ಅನಾಹುತವನ್ನು ಯಾರಿಗೂ ತೋರಿಸಲಿಕ್ಕೆ ಆಗುವುದಿಲ್ಲ. ಆದದ್ದು ಎದುರಿಗೇ ಇರುತ್ತದೆ, ಅದಕ್ಕೆ ಹೆಸರು ಉಂಟು, ಮನೆ ಉಂಟು, ಅದು ವಾರಕ್ಕೊಮ್ಮೆ ಪೇಟೆಯಲ್ಲಿ ಸಿಗುತ್ತದೆ. ಮುಗಿಯದ ಕೆಲಸವನ್ನು ಹೊರಗೆ ಬಿಡುವುದಿಲ್ಲ ಎಂದು ಹೇಳುವವರು ಅದರ ಜೊತೆ ಬದುಕಲಿಕ್ಕೂ ತಯಾರಿರಬೇಕು. ನಾಳೆ ಅದೇ ಗಾಡಿ ಹಾಗೆಯೇ ನಿಂತಿದ್ದರೆ ನಾನು ಇನ್ನೊಮ್ಮೆ ಕತ್ತರಿಸುತ್ತೇನೆ. ನಾನು ಮಾಡಿದ್ದು ಸರಿಯೇ ಎಂದು ಯಶವಂತನ ಎದುರು ನಿಂತು ಹೇಳು ಎಂದರೆ ಮಾತ್ರ ನನ್ನಿಂದಾಗದು.